ಯುಕಟಾನಿನ ಸೆನೋಟೆಗಳಲ್ಲಿ ಈಜು ಮತ್ತು ಡೈವಿಂಗ್: ಒಂದು ಸಮಗ್ರ ಮಾರ್ಗದರ್ಶಿ

ಮೆಕ್ಸಿಕೊದ ಆಗ್ನೇಯದಲ್ಲಿ ಸಮುದ್ರದೊಳಕ್ಕೆ ಚಾಚಿಕೊಂಡಿರುವ ಯುಕಟಾನ್ ಪರ್ಯಾಯ ದ್ವೀಪದ ಉತ್ತರ ಭಾಗದ ನಕ್ಷೆಯನ್ನು ಬಿಡಿಸಿಟ್ಟು ನೋಡಿದರೆ ನದಿಯನ್ನು ತೋರಿಸುವ ನೀಲಿ ಗೆರೆ ಹೆಚ್ಚುಕಡಿಮೆ ಎಲ್ಲಿಯೂ ಕಾಣುವುದಿಲ್ಲ. ಅಲ್ಲಿ ಮಳೆಗೆ ಕೊರತೆಯಿಲ್ಲ, ಕಾಡೂ ದಟ್ಟವಾಗಿದೆ, ಆದರೆ ಬಿದ್ದ ನೀರು ನೆಲದ ಮೇಲೆ ನಿಲ್ಲದೆ ಸುಣ್ಣದ ಕಲ್ಲಿನ ಬಿರುಕುಗಳಲ್ಲಿ ಇಳಿದು, ನೆಲದಡಿಯ ಗುಹೆಗಳ ಮೂಲಕ ಸಮುದ್ರದ ಕಡೆಗೆ ಹರಿಯುತ್ತದೆ. ಆ ಗುಹೆಗಳ ಚಾವಣಿ ಕುಸಿದು ನೀರು ಹೊರಗೆ ಕಾಣಿಸಿಕೊಂಡ ಜಾಗವನ್ನು ಅಲ್ಲಿನ ಮೂಲನಿವಾಸಿಗಳಾದ ಮಾಯಾ ಜನರ ಭಾಷೆಯಲ್ಲಿ 'ತ್ಸೊನೊತ್' ಎನ್ನುತ್ತಾರೆ. ಸ್ಪೇನಿನಿಂದ ಬಂದವರ ನಾಲಿಗೆಯಲ್ಲಿ ಅದೇ ಪದ 'ಸೆನೋಟೆ' ಆಯಿತು. ಇಂದು ಇಂತಹ ಸಾವಿರಾರು ಸಿಹಿನೀರಿನ ಗುಂಡಿಗಳಲ್ಲಿ ಕೆಲವು ನೂರು ಗುಂಡಿಗಳು ಪ್ರವಾಸಿಗರಿಗೆ ತೆರೆದಿವೆ.

ಈ ಮಾರ್ಗದರ್ಶಿಯನ್ನು ಓದುವಾಗ ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕೆಂದು ನನ್ನ ಕೋರಿಕೆ. ಸೆನೋಟೆ ಎಂದರೆ ಸುಂದರವಾದ ಈಜುಕೊಳವಲ್ಲ, ಅದು ಬಾವಿ. ಆ ಸೀಮೆಯ ಜನರು ಸಾವಿರಾರು ವರ್ಷಗಳಿಂದ ಕುಡಿದ ನೀರು, ಈಗಲೂ ಕೊಳವೆಬಾವಿಗಳ ಮೂಲಕ ಮೇಲೆತ್ತಿ ಕುಡಿಯುತ್ತಿರುವ ನೀರು, ಇದೇ ಅಂತರ್ಜಲ. ಯಾರದೋ ಮನೆಯ ಬಾವಿಗೆ ಇಳಿಯಲು ಅನುಮತಿ ಸಿಕ್ಕಿದರೆ ಎಷ್ಟು ಎಚ್ಚರದಿಂದ ಇಳಿಯುತ್ತೇವೆಯೋ ಅಷ್ಟೇ ಎಚ್ಚರ ಇಲ್ಲಿಯೂ ಬೇಕು. ಮುಂದೆ ಹೇಳುವ ನಿಯಮಗಳಲ್ಲಿ ಹೆಚ್ಚಿನವು ಈ ಒಂದು ತಿಳಿವಳಿಕೆಯಿಂದಲೇ ಹುಟ್ಟಿದವು.

ಮೊದಲ ಹಂತ: ಇಳಿಯುವ ಜಾಗವನ್ನು ಅರ್ಥಮಾಡಿಕೊಳ್ಳುವುದು

ಮಳೆನೀರು ಗಾಳಿಯಿಂದಲೂ ಮಣ್ಣಿನಿಂದಲೂ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಸ್ವಲ್ಪ ಹುಳಿಯಾಗುತ್ತದೆ. ಈ ಹುಳಿ ನೀರು ಸುಣ್ಣದ ಕಲ್ಲನ್ನು ಲಕ್ಷಾಂತರ ವರ್ಷಗಳ ಕಾಲ ಕರಗಿಸಿ ಒಳಗೆ ಸುರಂಗಗಳನ್ನು ಕೊರೆಯಿತು. ಹಿಮಯುಗಗಳಲ್ಲಿ ಸಮುದ್ರದ ಮಟ್ಟ ಇಂದಿಗಿಂತ ಸುಮಾರು 120 ಮೀಟರ್ ಕೆಳಗಿದ್ದಾಗ ಈ ಸುರಂಗಗಳು ಒಣಗಿದ್ದವು. ಆಗ ಚಾವಣಿಯಿಂದ ಹನಿಹನಿಯಾಗಿ ತೊಟ್ಟಿಕ್ಕಿದ ನೀರು ಬಿಟ್ಟುಹೋದ ಸುಣ್ಣವೇ ಇಂದು ನಾವು ನೋಡುವ ಇಳಿಗಂಬಗಳು, ಅಂದರೆ ಸ್ಟ್ಯಾಲಕ್ಟೈಟುಗಳು. ನೀರಿನೊಳಗೆ ಇಂತಹ ಕಂಬಗಳು ಬೆಳೆಯುವುದಿಲ್ಲ. ಹಿಮ ಕರಗಿ ಸಮುದ್ರ ಏರಿದ ಮೇಲೆ ಗುಹೆಗಳು ಮುಳುಗಿದವು. ಆದ್ದರಿಂದ ಈಜುವಾಗ ಕಾಲು ತಗುಲಿ ಮುರಿದ ಒಂದು ತುಂಡು ಮತ್ತೆ ಬೆಳೆಯುವ ಮಾತೇ ಇಲ್ಲ.

ಒಣಗಿದ್ದ ಕಾಲದಲ್ಲಿ ಈ ಗುಹೆಗಳಲ್ಲಿ ಮನುಷ್ಯರೂ ಓಡಾಡಿದ್ದರು. 2007ರಲ್ಲಿ ಡೈವರುಗಳು ಕರಾವಳಿಯ ಟುಲುಮ್ ಊರಿನ ಬಳಿಯ ನೀರಡಿಯ ಸುರಂಗವೊಂದರಲ್ಲಿ ಸಾಗುತ್ತಿದ್ದಾಗ ನೆಲವೇ ಇಲ್ಲವಾಗಿ ದೊಡ್ಡದೊಂದು ಕಪ್ಪು ಹೊಂಡ ಎದುರಾಯಿತು. 'ಓಯೊ ನೆಗ್ರೊ' ಎಂದು ಹೆಸರು ಪಡೆದ ಆ ಹೊಂಡದ ತಳದಲ್ಲಿ ಅಳಿದುಹೋದ ದೊಡ್ಡ ಪ್ರಾಣಿಗಳ ಮೂಳೆಗಳ ನಡುವೆ ಹದಿಹರೆಯದ ಹುಡುಗಿಯೊಬ್ಬಳ ಅಸ್ಥಿಪಂಜರ ಸಿಕ್ಕಿತು. 12,000ದಿಂದ 13,000 ವರ್ಷಗಳಷ್ಟು ಹಿಂದೆ ಬದುಕಿದ್ದ ಆಕೆಯನ್ನು ಸಂಶೋಧಕರು 'ನಾಯಾ' ಎಂದು ಕರೆಯುತ್ತಾರೆ. ಸೆನೋಟೆಯ ತಳದಲ್ಲಿ ಕಾಣುವ ಮೂಳೆ, ಮಡಕೆಯ ಚೂರು, ಇದ್ದಿಲು, ಯಾವುದನ್ನೂ ಮುಟ್ಟಬಾರದು ಎನ್ನುವ ನಿಯಮದ ಹಿಂದೆ ಇಂತಹ ಕಥೆಗಳಿವೆ.

ಪ್ರವಾಸಿಗನಿಗೆ ಉಪಯೋಗವಾಗುವಂತೆ ಸೆನೋಟೆಗಳನ್ನು ಅವುಗಳ ವಯಸ್ಸಿನ ಮೇಲೆ ಗುರುತಿಸಬಹುದು. ಚಾವಣಿ ಇನ್ನೂ ಗಟ್ಟಿಯಾಗಿದ್ದು ಸಣ್ಣ ಕಂಡಿಯೊಂದರಿಂದ ಮಾತ್ರ ಬೆಳಕು ಬೀಳುವ ಗುಹಾ ಸೆನೋಟೆಗಳು ಎಳೆಯವು. ಅರ್ಧ ಚಾವಣಿ ಕುಸಿದವು ನಡುವಯಸ್ಸಿನವು. ಪೂರ್ತಿ ತೆರೆದುಕೊಂಡು ಕೆರೆಯಂತೆ ಕಾಣುವವು ಮುದಿ ಸೆನೋಟೆಗಳು. ಎಳೆಯದರಲ್ಲಿ ನೀರು ಗಾಜಿನಂತಿರುತ್ತದೆ, ಆದರೆ ಕತ್ತಲೆ ಮತ್ತು ಬಾವಲಿಗಳಿರುತ್ತವೆ. ತೆರೆದವುಗಳಲ್ಲಿ ಬಿಸಿಲು, ಮೀನು, ಆಮೆ, ಪಾಚಿ ಎಲ್ಲವೂ ಇದ್ದು ಈಜಲು ಕಲಿಯುತ್ತಿರುವವರಿಗೂ ಮಕ್ಕಳಿಗೂ ಹಿತವಾಗಿರುತ್ತದೆ.

ಎರಡನೆಯ ಹಂತ: ಎಲ್ಲಿ ತಂಗಬೇಕು, ಯಾವಾಗ ಹೋಗಬೇಕು

ಸೆನೋಟೆಗಳನ್ನು ಒಂದೇ ಊರಿನಲ್ಲಿ ಕುಳಿತು ನೋಡಿ ಮುಗಿಸಲಾಗದು. ಡೈವಿಂಗ್ ಮುಖ್ಯವಾದರೆ ಕಿಂತಾನಾ ರೋ ರಾಜ್ಯದ ಕರಾವಳಿಯಲ್ಲಿರುವ ಪ್ಲಾಯಾ ದೆಲ್ ಕಾರ್ಮೆನ್ ಅಥವಾ ಟುಲುಮ್ ಊರಿನಲ್ಲಿ ತಂಗುವುದು ಸರಿ. ಇವೆರಡರ ನಡುವಿನ 307ನೇ ಹೆದ್ದಾರಿಯ ಉದ್ದಕ್ಕೂ ಹೆಸರಾಂತ ಡೈವಿಂಗ್ ಸೆನೋಟೆಗಳಿವೆ. ಕೇವಲ ಈಜು ಸಾಕೆನ್ನುವವರಿಗೆ ನನ್ನ ಸಲಹೆ ಯುಕಟಾನ್ ರಾಜ್ಯದ ವಾಯಾದೊಲಿದ್. ಹಳೆಯ, ಶಾಂತವಾದ ಆ ಊರಿನ ನಡುಮಧ್ಯದಲ್ಲಿಯೇ ಸಾಸಿ ಎಂಬ ದೊಡ್ಡ ಸೆನೋಟೆ ಇದೆ, ಹತ್ತಾರು ನಿಮಿಷಗಳ ದಾರಿಯಲ್ಲಿ ಇನ್ನೂ ಹಲವು ಸಿಗುತ್ತವೆ. ಜನಸಂದಣಿಯಿಂದ ದೂರವಿರಬೇಕೆಂದರೆ ಮೆರಿಡಾ ನಗರದ ಆಗ್ನೇಯಕ್ಕಿರುವ ಹೊಮೂನ್ ಮತ್ತು ಕುಸಾಮಾ ಹಳ್ಳಿಗಳತ್ತ ಹೋಗಬೇಕು. ಕುಸಾಮಾದಲ್ಲಿ ಹಿಂದೆ ಕತ್ತಾಳೆ ಸಾಗಿಸಲು ಹಾಕಿದ್ದ ಕಿರಿದಾದ ಹಳಿಗಳ ಮೇಲೆ ಕುದುರೆ ಎಳೆಯುವ ಗಾಡಿಯಲ್ಲಿ ಕೂರಿಸಿಕೊಂಡು ಸೆನೋಟೆಯಿಂದ ಸೆನೋಟೆಗೆ ಕರೆದೊಯ್ಯುವ ವಾಡಿಕೆ ಬೆಳೆದಿದೆ.

ಮೆರಿಡಾ ಸುತ್ತಲಿನ ಸೆನೋಟೆಗಳಿಗೆ ಇನ್ನೊಂದು ವಿಶೇಷವಿದೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಡೈನೊಸಾರುಗಳ ಕಾಲವನ್ನು ಕೊನೆಗಾಣಿಸಿದ ಕ್ಷುದ್ರಗ್ರಹ ಅಪ್ಪಳಿಸಿದ ಚಿಕ್ಶುಲುಬ್ ಕುಳಿಯ ಅಂಚು ಇಲ್ಲಿನ ನೆಲದಡಿ ಹೂತುಹೋಗಿದೆ. ಆ ಅಂಚಿನ ಮೇಲೆ ಕಲ್ಲು ಬಿರುಕು ಬಿಟ್ಟು ನೀರಿಗೆ ದಾರಿಯಾದ ಕಾರಣ ಸೆನೋಟೆಗಳು ಅರ್ಧಚಂದ್ರಾಕಾರದ ಸಾಲಿನಲ್ಲಿ ಹರಡಿಕೊಂಡಿವೆ.

ಗಡಿಯಾರದ ವಿಷಯದಲ್ಲಿ ಎಚ್ಚರವಿರಲಿ. ಕಿಂತಾನಾ ರೋ ರಾಜ್ಯವು 2015ರಿಂದ ಬೇರೆ ಕಾಲವಲಯದಲ್ಲಿದೆ, ಯುಕಟಾನ್ ರಾಜ್ಯವು ಅದಕ್ಕಿಂತ ಒಂದು ಗಂಟೆ ಹಿಂದೆ. ಟುಲುಮಿನಿಂದ ಎಂಟು ಗಂಟೆಗೆ ಹೊರಟು ಒಂದೂವರೆ ಗಂಟೆ ಪ್ರಯಾಣ ಮಾಡಿದವನು ವಾಯಾದೊಲಿದ್ ತಲುಪಿದಾಗ ಅಲ್ಲಿನ ಗಡಿಯಾರದಲ್ಲಿ ಎಂಟೂವರೆಯಷ್ಟೇ ಆಗಿರುತ್ತದೆ. ಹೋಗುವಾಗ ಇದು ಲಾಭ, ಆದರೆ ಮರಳುವಾಗ ಒಂದು ಗಂಟೆ ಕಳೆದುಹೋಗಿ ಕಾದಿರಿಸಿದ ವಾಹನ ತಪ್ಪಿಹೋಗಬಹುದು.

ನೀರಿನ ಉಷ್ಣತೆ ವರ್ಷವಿಡೀ ಸುಮಾರು 24ರಿಂದ 25 ಡಿಗ್ರಿ ಸೆಲ್ಸಿಯಸ್ ಇರುವುದರಿಂದ ಯಾವ ತಿಂಗಳಲ್ಲಿಯೂ ಈಜಬಹುದು. ನವೆಂಬರಿನಿಂದ ಏಪ್ರಿಲ್‌ವರೆಗಿನ ಒಣ ಋತುವಿನಲ್ಲಿ ಹವೆ ಹಿತವಾಗಿರುತ್ತದೆ, ಜನವೂ ಹೆಚ್ಚು. ಜೂನಿನಿಂದ ಅಕ್ಟೋಬರ್‌ವರೆಗೆ ಮಳೆ, ಅದರ ಜೊತೆ ಚಂಡಮಾರುತದ ಭಯ. ಜೋರು ಮಳೆಯಾದ ಮೇಲೆ ತೆರೆದ ಸೆನೋಟೆಗಳಿಗೆ ಎಲೆ ಕೊಳೆತ ನೀರು ಸೇರಿ ಮೇಲ್ಪದರ ಚಹಾದ ಬಣ್ಣಕ್ಕೆ ತಿರುಗುವುದುಂಟು. ಆದರೆ ಬೆಳಕಿನ ಕೋಲುಗಳು ನೀರನ್ನು ಸೀಳಿ ಇಳಿಯುವ ನೋಟವನ್ನೇ ಬಯಸಿ ಹೋಗುವವರು ಮೇ ತಿಂಗಳಿನಿಂದ ಜುಲೈವರೆಗಿನ ಸಮಯವನ್ನು ಆರಿಸಬೇಕು. ಈ ಪ್ರದೇಶ ಉತ್ತರ ಅಕ್ಷಾಂಶ 20-21 ಡಿಗ್ರಿಯಲ್ಲಿರುವುದರಿಂದ ಆಗ ನಡುಹಗಲಿನ ಸೂರ್ಯ ಹೆಚ್ಚುಕಡಿಮೆ ನೆತ್ತಿಯ ಮೇಲೆಯೇ ಬರುತ್ತಾನೆ, ಕಿರಿದಾದ ಕಂಡಿಯಿಂದಲೂ ಬೆಳಕು ನೇರವಾಗಿ ತಳ ಮುಟ್ಟುತ್ತದೆ.

ಮೂರನೆಯ ಹಂತ: ನಿಮ್ಮ ಶಕ್ತಿಗೆ ತಕ್ಕ ಸೆನೋಟೆಯನ್ನು ಆರಿಸುವುದು

ಇಲ್ಲಿ ತಪ್ಪು ಮಾಡುವವರೇ ಹೆಚ್ಚು. ಚಿತ್ರ ನೋಡಿ ಮರುಳಾಗಿ ಹೋಗುತ್ತಾರೆ, ಹೋದ ಮೇಲೆ ಆಳ ಕಂಡು ಹೆದರುತ್ತಾರೆ. ಸೆನೋಟೆಯ ಅಂಚಿನಲ್ಲಿ ಈಜುಕೊಳದಂತೆ ಇಳಿಜಾರಾದ ತಳ ಇರಬೇಕೆಂದೇನೂ ಇಲ್ಲ. ಮೆಟ್ಟಿಲು ಮುಗಿದಲ್ಲಿಂದಲೇ ನೀರು ಹತ್ತಾರು ಮೀಟರ್ ಆಳವಿರಬಹುದು. ಮಾಯಾ ಜನರ ಪುರಾತನ ನಗರವಾದ ಚಿಚೆನ್ ಇಟ್ಜಾ ಸಮೀಪದ ಇಕ್ ಕಿಲ್ ಇದಕ್ಕೆ ಉದಾಹರಣೆ. ನೆಲಮಟ್ಟದಿಂದ ಸುಮಾರು 26 ಮೀಟರ್ ಕೆಳಗೆ ನೀರು, ಸುತ್ತಲೂ ಇಳಿಬಿದ್ದ ಬೇರುಗಳ ಪರದೆ, ನೀರಿನ ಆಳ 40 ಮೀಟರಿಗೂ ಹೆಚ್ಚು.

ಈಜು ಬಾರದವರು ಅಥವಾ ಅಳುಕಿರುವವರು ಸೆನೋಟೆಯನ್ನು ತಪ್ಪಿಸಿಕೊಳ್ಳಬೇಕಾಗಿಲ್ಲ. ಪ್ಲಾಯಾ ದೆಲ್ ಕಾರ್ಮೆನ್ ಊರಿನ ದಕ್ಷಿಣಕ್ಕಿರುವ ಸೆನೋಟೆ ಅಸುಲ್ ತೆರೆದ ಆಕಾಶದ ಕೆಳಗಿನ, ಆಳವಿಲ್ಲದ ಅಂಚುಗಳಿರುವ ಜಾಗ. ಟುಲುಮ್ ಬಳಿಯ ಗ್ರಾನ್ ಸೆನೋಟೆಯಲ್ಲಿ ನಿಂತುಕೊಳ್ಳಬಹುದಾದ ಕಡೆಗಳೂ ಇವೆ, ಸಣ್ಣ ಆಮೆಗಳೂ ಕಾಣಸಿಗುತ್ತವೆ. ಕಾಸಾ ಸೆನೋಟೆ ಎಂಬುದು ಮ್ಯಾಂಗ್ರೋವ್ ಬೇರುಗಳ ನಡುವೆ ಕಾಲುವೆಯಂತೆ ಹರಿದು ಸಮುದ್ರವನ್ನು ಸೇರುವ ತಾಣವಾಗಿದ್ದು ಮೊದಲ ಸಲ ಸ್ನಾರ್ಕೆಲ್, ಅಂದರೆ ನೀರಿನ ಮೇಲೆ ತೇಲುತ್ತಾ ಉಸಿರಾಡುವ ನಳಿಕೆ, ಹಾಕುವವರಿಗೆ ಒಳ್ಳೆಯ ಪಾಠಶಾಲೆ.

ಗುಹೆಯ ಅನುಭವ ಬೇಕು, ಡೈವಿಂಗ್ ಬೇಡ ಎನ್ನುವವರಿಗೆ ವಾಯಾದೊಲಿದ್ ಪಕ್ಕದ ದ್ಸಿತ್ನುಪ್ ಗ್ರಾಮದ ಎಶ್‌ಕೆಕೆನ್ ಮತ್ತು ಸಮುಲಾ ಎಂಬ ಜೋಡಿ ಸೆನೋಟೆಗಳನ್ನು ಧೈರ್ಯವಾಗಿ ಹೇಳಬಲ್ಲೆ. ಎಶ್‌ಕೆಕೆನ್‌ಗೆ ಇಳಿಯುವ ದಾರಿ ಇಕ್ಕಟ್ಟು, ಮೆಟ್ಟಿಲು ಜಾರುತ್ತದೆ, ಸೆಖೆಯಿಂದ ಕನ್ನಡಕ ಮಂಜಾಗುತ್ತದೆ. ಕಣ್ಣು ಕತ್ತಲೆಗೆ ಹೊಂದಿಕೊಂಡ ಮೇಲೆ ಮೊದಲು ಕಾಣುವುದು ಚಾವಣಿಯ ಒಂದೇ ಒಂದು ಕಂಡಿ, ಆಮೇಲೆ ಆ ಕಂಡಿಯಿಂದ ಇಳಿದ ಬೆಳಕು ಮುಟ್ಟಿದ ಕಡೆ ಮಾತ್ರ ನೀಲಿಯಾಗಿ ಹೊಳೆಯುವ ನೀರು. ಅದರಾಚೆಗೆ ನೀರು ಎಲ್ಲಿ ಮುಗಿಯಿತು, ಕಲ್ಲು ಎಲ್ಲಿ ಶುರುವಾಯಿತು ಎಂದು ತಿಳಿಯುವುದಿಲ್ಲ. ನಾನು ಅಲ್ಲಿ ಬಹಳ ಹೊತ್ತು ಮೆಟ್ಟಿಲ ಮೇಲೆಯೇ ಕುಳಿತಿದ್ದೆ. ನೀರಿಗಿಳಿದ ಮೇಲೆ ಮುಂಗಾಲಿನ ಸುತ್ತ ಬೆರಳುದ್ದದ ಮೀನುಗಳು ಬಂದು ಮೂಸಿ ಹೋದವು, ನನ್ನ ಉಸಿರಿನ ಸದ್ದು ಗೋಡೆಗೆ ಬಡಿದು ಮರಳಿ ಕೇಳಿಸುತ್ತಿತ್ತು.

ಒಂದು ದಿನಕ್ಕೆ ಎರಡು ಸೆನೋಟೆ ಸಾಕು. ಮೂರನೆಯದಕ್ಕೆ ಹೋಗುವ ಹೊತ್ತಿಗೆ ಮೈ ತಣ್ಣಗಾಗಿ, ನೋಡುವ ಆಸಕ್ತಿಯೂ ಆರಿರುತ್ತದೆ.

ನಾಲ್ಕನೆಯ ಹಂತ: ಚೀಲದಲ್ಲಿ ಏನಿರಬೇಕು

ನಿಮ್ಮ ಮುಖಕ್ಕೆ ಸರಿಯಾಗಿ ಕೂರುವ, ನೀರಿನೊಳಗೆ ನೋಡಲು ಬಳಸುವ ಸ್ವಂತ ಮಾಸ್ಕ್ ಒಂದನ್ನು ಒಯ್ಯುವುದು ಉತ್ತಮ. ಬಾಡಿಗೆಯ ಮಾಸ್ಕಿನಲ್ಲಿ ನೀರು ಜಿನುಗಿದರೆ ಇಡೀ ಅನುಭವ ಕೆಡುತ್ತದೆ. ಜಾರದ ತಳವಿರುವ ನೀರಿನ ಪಾದರಕ್ಷೆ, ಬೇಗ ಒಣಗುವ ತೆಳು ಟವೆಲ್, ತೋಳು ಮುಚ್ಚುವ ಈಜುಡುಪು, ಸಣ್ಣದೊಂದು ಜಲನಿರೋಧಕ ಟಾರ್ಚ್ ಇದ್ದರೆ ಸಾಕು. ಹಣವನ್ನು ಮೆಕ್ಸಿಕನ್ ಪೆಸೊಗಳಲ್ಲಿ, ಅದೂ ಸಣ್ಣ ನೋಟುಗಳಲ್ಲಿ ಇಟ್ಟುಕೊಳ್ಳಬೇಕು. ಹಳ್ಳಿಗಳ ಸೆನೋಟೆಗಳಲ್ಲಿ ಕಾರ್ಡ್ ನಡೆಯುವುದಿಲ್ಲ, ದೊಡ್ಡ ನೋಟಿಗೆ ಚಿಲ್ಲರೆ ಸಿಗುವುದಿಲ್ಲ. ಪ್ರವೇಶ ಶುಲ್ಕ ಒಂದೊಂದು ಕಡೆ ಒಂದೊಂದು ಬಗೆ: ಒಳನಾಡಿನ ಹಳ್ಳಿಗಳಲ್ಲಿ ನೂರರ ಆಸುಪಾಸು, ಟುಲುಮಿನ ಹೆಸರಾಂತ ತಾಣಗಳಲ್ಲಿ ಕೆಲವು ನೂರು ಪೆಸೊ. ಲೈಫ್ ಜಾಕೆಟ್, ಲಾಕರ್, ಕ್ಯಾಮೆರಾಗಳಿಗೆ ಪ್ರತ್ಯೇಕ ಶುಲ್ಕವಿರಬಹುದು, ಆದ್ದರಿಂದ ಟಿಕೆಟ್ ಕೊಳ್ಳುವಾಗಲೇ ಕೇಳಿಕೊಳ್ಳಿ. ಅನೇಕ ಸೆನೋಟೆಗಳು 'ಎಹೀದೊ' ಎಂಬ ಸಮುದಾಯದ ಒಡೆತನದ ಭೂಮಿಯಲ್ಲಿವೆ. ಅಲ್ಲಿ ಕೊಡುವ ಹಣ ಮೆಟ್ಟಿಲು ಕಟ್ಟಿದ, ಕಸ ಗುಡಿಸಿದ ಊರಿನ ಜನರ ಕೈ ಸೇರುತ್ತದೆ.

ಸನ್‌ಸ್ಕ್ರೀನ್ ಮತ್ತು ಸೊಳ್ಳೆ ಓಡಿಸುವ ಲೇಪವನ್ನು ಆ ದಿನ ಹಚ್ಚಿಕೊಳ್ಳಲೇಬಾರದು. 'ಪರಿಸರಸ್ನೇಹಿ' ಎಂದು ಡಬ್ಬಿಯ ಮೇಲೆ ಬರೆದಿದ್ದರೂ ಬೇಡ. ಸೆನೋಟೆಯ ನೀರು ನಿಧಾನವಾಗಿ ಹರಿಯುತ್ತದೆ, ಕೆಲವೆಡೆ ಬದಲಾಗುವುದೇ ಇಲ್ಲವೆನ್ನುವಷ್ಟು ನಿಧಾನ. ನೂರಾರು ಜನರ ಮೈಯಿಂದ ಬಿಟ್ಟ ಜಿಡ್ಡು ನೀರಿನ ಮೇಲೆ ಪೊರೆಯಾಗಿ ನಿಂತು ಬೆಳಕನ್ನು ತಡೆಯುತ್ತದೆ. ಬಿಸಿಲಿಗೆ ಉದ್ದ ತೋಳಿನ ಉಡುಪೇ ಸರಿಯಾದ ಪರಿಹಾರ.

ಐದನೆಯ ಹಂತ: ಬಾಗಿಲಿನಿಂದ ನೀರಿನವರೆಗೆ

ಬಾಗಿಲು ತೆರೆಯುವ ಹೊತ್ತಿಗೆ ಅಲ್ಲಿರಿ. ಪ್ರವಾಸಿ ಬಸ್ಸುಗಳು ಬರತೊಡಗುವುದು ಹತ್ತರ ನಂತರ. ಅದಕ್ಕೆ ಮುಂಚಿನ ಒಂದು ಗಂಟೆಯಲ್ಲಿ ನೀರು ಕಲಕಿರುವುದಿಲ್ಲ, ಸದ್ದಿರುವುದಿಲ್ಲ. ಗೋಡೆಯ ಪೊಟರೆಗಳಿಂದ 'ತೊಹ್' ಎಂಬ ನೀಲಿ ಹಕ್ಕಿ ಹಾರಿಬರುವುದನ್ನು ಕಾಣಬಹುದು. ಗಡಿಯಾರದ ಲೋಲಕದಂತೆ ಬಾಲವನ್ನು ಅತ್ತಿತ್ತ ತೂಗುವ ಈ ಹಕ್ಕಿ ಸೆನೋಟೆಗಳ ಗೋಡೆಗಳಲ್ಲಿ ಗೂಡು ಮಾಡುತ್ತದೆ, ಆದ್ದರಿಂದ ಅದು ಕಂಡಲ್ಲಿ ಹತ್ತಿರದಲ್ಲೇ ನೀರಿದೆ ಎಂದು ಕಾಡಿನಲ್ಲಿ ನಡೆಯುವವರು ತಿಳಿಯುತ್ತಿದ್ದರು. ಬೆಳಕಿನ ಕೋಲು ಬೇಕಾದವರು ಮಾತ್ರ ನಡುಹಗಲಿಗೆ ಹೋಗಬೇಕು, ಜನರನ್ನು ಸಹಿಸಿಕೊಳ್ಳಬೇಕು.

ನೀರಿಗಿಳಿಯುವ ಮುನ್ನ ಸ್ನಾನ ಕಡ್ಡಾಯ. ಶವರಿನ ಕೆಳಗೆ ಒಂದು ಕ್ಷಣ ನಿಂತು ಬರುವುದನ್ನು ಸ್ನಾನವೆನ್ನಲಾಗದು. ಕೂದಲಿನ ಎಣ್ಣೆ, ಮುಖದ ಕ್ರೀಮು, ಬೆವರು ಎಲ್ಲವೂ ಹೋಗುವಂತೆ ಉಜ್ಜಿ ತೊಳೆಯಬೇಕು. ಮೂತ್ರ ವಿಸರ್ಜನೆಯನ್ನು ಮೊದಲೇ ಮುಗಿಸಿಕೊಂಡು ಬರಬೇಕೆಂದು ಮಕ್ಕಳಿಗೆ ಬಿಡಿಸಿ ಹೇಳಬೇಕು. ಲೈಫ್ ಜಾಕೆಟ್ ಕಡ್ಡಾಯವಿರುವ ಕಡೆ ಎಷ್ಟೇ ಚೆನ್ನಾಗಿ ಈಜಬಲ್ಲವರೂ ಧರಿಸಲೇಬೇಕು. ಸಿಹಿನೀರು ಸಮುದ್ರದ ನೀರಿನಂತೆ ನಿಮ್ಮನ್ನು ಎತ್ತಿಹಿಡಿಯುವುದಿಲ್ಲ, ದಣಿವು ಬೇಗ ಬರುತ್ತದೆ.

ಮೇಲಿನಿಂದ ಜಿಗಿಯುವುದು ಅದಕ್ಕೆಂದೇ ಗುರುತಿಸಿದ ಕಟ್ಟೆಯಿಂದ ಮಾತ್ರ, ಕೆಳಗೆ ಯಾರೂ ಇಲ್ಲವೆಂದು ಖಚಿತವಾದ ಮೇಲೆ, ಕಾಲು ಕೆಳಗೆ ಮಾಡಿ. ನೀರು ಅಷ್ಟು ತಿಳಿಯಾಗಿರುವುದರಿಂದ ಆರು ಮೀಟರ್ ಕೆಳಗಿನ ಬಂಡೆ ಕೈಗೆಟುಕುವಂತೆ ಕಂಡು ಕಣ್ಣು ಮೋಸಹೋಗುತ್ತದೆ. ಮೊದಲು ಮೆಟ್ಟಿಲಿನಿಂದ ಇಳಿದು, ಮಾಸ್ಕ್ ಹಾಕಿಕೊಂಡು ಒಂದು ಸುತ್ತು ಈಜಿ, ತಳ ಹೇಗಿದೆ ಎಂದು ನೋಡಿಕೊಂಡ ಮೇಲೆಯೇ ಜಿಗಿಯುವ ಯೋಚನೆ ಮಾಡಬೇಕು.

ಮೇಲೆ ತೇಲುತ್ತಾ ಸ್ನಾರ್ಕೆಲ್ ಮಾಡುವಾಗ ಕಾಲುಗಳನ್ನು ಸೈಕಲ್ ತುಳಿದಂತೆ ಆಡಿಸದೆ ಕಪ್ಪೆಯಂತೆ ಹಿಂದಕ್ಕೆ ತಳ್ಳಿದರೆ ತಳದ ಹೂಳು ಏಳುವುದಿಲ್ಲ. ಹಗ್ಗ ಕಟ್ಟಿ ಗಡಿ ಗುರುತಿಸಿದ್ದರೆ ಅದರ ಆಚೆಗೆ ಹೋಗಬಾರದು. ಉಸಿರು ಹಿಡಿದು ಬಂಡೆಯ ಚಾವಣಿಯ ಕೆಳಗೆ ನುಸುಳುವ ಆಸೆ ಎಲ್ಲರಿಗೂ ಬರುತ್ತದೆ. ಮೇಲೆ ತಲೆ ಎತ್ತಿದಾಗ ಗಾಳಿಯ ಬದಲು ಕಲ್ಲು ಸಿಕ್ಕುವ ಜಾಗಕ್ಕೆ ಉಸಿರಾಟದ ಗಾಳಿಯ ಸಿಲಿಂಡರ್ ಇಲ್ಲದೆ ಎಂದಿಗೂ ಹೋಗಬೇಡಿ. ನೀರನ್ನು ನುಂಗಬೇಡಿ. ತಿಳಿಯಾಗಿ ಕಂಡರೂ ಪಟ್ಟಣಗಳ ಮತ್ತು ಹಂದಿ ಸಾಕಣೆ ಕೇಂದ್ರಗಳ ಕೊಳಚೆ ಅಂತರ್ಜಲಕ್ಕೆ ಸೇರುತ್ತಿರುವುದು ಈ ಪ್ರದೇಶದ ನಿಜವಾದ ಸಂಕಟ. ಹೊಮೂನ್ ಊರಿನ ಜನರು 2017ರಲ್ಲಿ ತಾವಾಗಿಯೇ ಮತದಾನ ನಡೆಸಿ ತಮ್ಮ ಸೆನೋಟೆಗಳ ನೆತ್ತಿಯ ಮೇಲೆ ಬೃಹತ್ ಹಂದಿ ಸಾಕಣೆ ಬೇಡವೆಂದು ಹೇಳಿ, ನ್ಯಾಯಾಲಯದಲ್ಲಿ ಹೋರಾಡಿದ್ದು ಇದೇ ಕಾರಣಕ್ಕೆ.

ಆರನೆಯ ಹಂತ: ಸಿಲಿಂಡರ್ ಕಟ್ಟಿಕೊಂಡು ಇಳಿಯುವುದು

ಸೆನೋಟೆಗಳ ನಿಜವಾದ ಜಗತ್ತು ಇಲ್ಲಿಂದ ಶುರುವಾಗುತ್ತದೆ, ನಿಜವಾದ ಅಪಾಯವೂ ಇಲ್ಲಿಂದಲೇ. ಟುಲುಮ್ ಬಳಿಯ ಸಾಕ್ ಆಕ್ತುನ್ ಎಂಬ ಗುಹಾಜಾಲವು ದೋಸ್ ಓಹೋಸ್ ಜಾಲಕ್ಕೆ ಕೂಡಿಕೊಂಡಿದೆಯೆಂದು 2018ರ ಜನವರಿಯಲ್ಲಿ ತಿಳಿದುಬಂದಾಗ ಅದರ ಒಟ್ಟು ಉದ್ದ ಸುಮಾರು 347 ಕಿಲೋಮೀಟರ್ ಆಯಿತು. ನೀವು ಇಳಿಯುವ ಚೆಂದದ ನೀಲಿ ಬಾಯಿ ಅಂತಹ ಕತ್ತಲ ಜಾಲದ ಒಂದು ಕಿಟಕಿ.

ಮೊದಲು ಎರಡು ಪದಗಳ ವ್ಯತ್ಯಾಸವನ್ನು ಸ್ಪಷ್ಟ ಮಾಡಿಕೊಳ್ಳಬೇಕು. ಹಗಲ ಬೆಳಕು ಸದಾ ಕಣ್ಣಿಗೆ ಕಾಣುವಷ್ಟು ದೂರದವರೆಗಿನ ಗುಹೆಯ ಮುಂಭಾಗಕ್ಕೆ ಕ್ಯಾವರ್ನ್ ಎನ್ನುತ್ತಾರೆ. ಬೆಳಕು ಮರೆಯಾದ ಮೇಲಿನದ್ದು ಕೇವ್. ಡೈವಿಂಗಿನ ಮೊದಲ ಹಂತದ ಓಪನ್ ವಾಟರ್ ಪ್ರಮಾಣಪತ್ರ ಪಡೆದ ಸಾಮಾನ್ಯ ಡೈವರ್ ಮಾರ್ಗದರ್ಶಕರ ಜೊತೆ ಕ್ಯಾವರ್ನಿಗೆ ಮಾತ್ರ ಹೋಗಬಹುದು. ಕೇವ್ ಡೈವಿಂಗಿಗೆ ಬೇರೆಯದೇ ದೀರ್ಘ ತರಬೇತಿ ಬೇಕು. ಆ ಗಡಿಯಲ್ಲಿ ನೀರಿನೊಳಗೆ ಯಮದೂತನ ಚಿತ್ರವಿರುವ ಫಲಕ ನೆಟ್ಟಿರುತ್ತಾರೆ, ಇದರಾಚೆ ಪ್ರಾಣಕ್ಕಿಂತ ಮಿಗಿಲಾದದ್ದೇನೂ ಇಲ್ಲವೆಂದು ಎಚ್ಚರಿಸುತ್ತಾರೆ. ಸಾಗರದಲ್ಲಿ ನೂರಾರು ಡೈವ್ ಮಾಡಿದ ಅನುಭವಿಗಳೂ ತರಬೇತಿಯಿಲ್ಲದೆ ಆ ಫಲಕ ದಾಟಿ ಪ್ರಾಣ ಕಳೆದುಕೊಂಡಿದ್ದಾರೆ.

ಮಾರ್ಗದರ್ಶಕರನ್ನು ಆರಿಸುವಾಗ ಸಂಕೋಚವಿಲ್ಲದೆ ಪ್ರಶ್ನೆ ಕೇಳಬೇಕು. ಅವರಿಗೆ ಪೂರ್ಣ ಕೇವ್ ಡೈವರ್ ಪ್ರಮಾಣಪತ್ರವಿದೆಯೇ? ಒಬ್ಬ ಮಾರ್ಗದರ್ಶಕನಿಗೆ ಎಷ್ಟು ಜನ? ನಾಲ್ಕಕ್ಕಿಂತ ಹೆಚ್ಚೆಂದರೆ ಬೇರೆಯವರನ್ನು ಹುಡುಕಿ. ಅಲ್ಲಿ ಕ್ಯಾವರ್ನ್ ಡೈವಿಗೆ ಒಪ್ಪಿತವಾಗಿರುವ ಮಿತಿಗಳೆಂದರೆ ಗರಿಷ್ಠ ಆಳ 21 ಮೀಟರ್, ತೆರೆದ ನೀರಿನಿಂದ ಗರಿಷ್ಠ ದೂರ 60 ಮೀಟರ್, ಇಬ್ಬರು ಅಕ್ಕಪಕ್ಕದಲ್ಲಿ ಈಜಲಾಗದಷ್ಟು ಕಿರಿದಾದ ಜಾಗಕ್ಕೆ ಪ್ರವೇಶವಿಲ್ಲ. ಗಾಳಿಯ ಲೆಕ್ಕ ಮೂರು ಪಾಲಿನದು: ಒಂದು ಪಾಲು ಹೋಗಲು, ಒಂದು ಮರಳಲು, ಒಂದು ಆಪತ್ತಿಗೆ. 200 ಬಾರ್ ಒತ್ತಡಕ್ಕೆ ಗಾಳಿ ತುಂಬಿದ ಸಿಲಿಂಡರಿನೊಂದಿಗೆ ಇಳಿದವರು ಒತ್ತಡದ ಗೇಜು 140 ಬಾರ್ ತೋರಿಸಿದ ಕೂಡಲೇ ಮಾರ್ಗದರ್ಶಕರಿಗೆ ಸನ್ನೆ ಮಾಡಬೇಕು. ಆಗ ಯಾರ ಗಾಳಿ ಎಷ್ಟೇ ಉಳಿದಿರಲಿ ಇಡೀ ತಂಡ ಮರಳುತ್ತದೆ.

ಸಾಗರದ ಅಭ್ಯಾಸಗಳಲ್ಲಿ ಕೆಲವನ್ನು ದಡದಲ್ಲೇ ಬಿಡಬೇಕಾಗುತ್ತದೆ. ಸ್ನಾರ್ಕೆಲ್ ನಳಿಕೆ, ಕೈಗವಸು, ಚಾಕು ಬೇಡ. ಜೋತಾಡುವ ಗೇಜು, ಕ್ಯಾಮೆರಾ ಹಗ್ಗಗಳನ್ನು ಮೈಗೆ ಅಂಟಿಸಿ ಸಿಕ್ಕಿಸಿಕೊಳ್ಳಬೇಕು. ಸಿಹಿನೀರು ಹಗುರವಾದ್ದರಿಂದ ಸೊಂಟದ ಸೀಸದ ತೂಕವನ್ನು ಸುಮಾರು 2 ಕೆ.ಜಿ. ಇಳಿಸಬೇಕು. 25 ಡಿಗ್ರಿಯ ನೀರು ಹತ್ತು ನಿಮಿಷ ಬೆಚ್ಚಗೆನಿಸಿದರೂ ನಲವತ್ತು ನಿಮಿಷದ ಎರಡು ಡೈವ್ ಮಾಡುವಾಗ ನಡುಕ ಹುಟ್ಟಿಸುತ್ತದೆ, ಮೈ ಬೆಚ್ಚಗಿಡುವ, 5 ಮಿಲಿಮೀಟರ್ ದಪ್ಪದ ವೆಟ್‌ಸೂಟ್ ಉಡುಪು ಬೇಕೇ ಬೇಕು. ಪ್ರತಿಯೊಬ್ಬರ ಕೈಯಲ್ಲಿಯೂ ಟಾರ್ಚ್ ಇರಬೇಕು. ಮಾರ್ಗದರ್ಶಕರ ಗಮನ ಸೆಳೆಯಲು ಅದೇ ನಿಮ್ಮ ಧ್ವನಿ: ನಿಧಾನವಾಗಿ ವೃತ್ತ ಬರೆದರೆ ಎಲ್ಲ ಸರಿ, ಅಡ್ಡಡ್ಡ ಜೋರಾಗಿ ಬೀಸಿದರೆ ತುರ್ತು.

ತೇಲಾಟದ ಹತೋಟಿಯೇ ಇಲ್ಲಿ ಎಲ್ಲಕ್ಕಿಂತ ಮುಖ್ಯ. ಮೇಲೆ ಇಳಿಗಂಬಗಳು, ಕೆಳಗೆ ಸಕ್ಕರೆ ಪುಡಿಯಂತಹ ಹೂಳು, ನಡುವೆ ನೀವು. ಹೂಳಿಗೆ ಒಮ್ಮೆ ಫಿನ್, ಅಂದರೆ ಕಾಲಿಗೆ ಹಾಕಿಕೊಂಡ ಈಜುರೆಕ್ಕೆ, ತಾಗಿದರೆ ಹಿಂದೆ ಬರುವವರಿಗೆ ಹಾಲಿನಂತಹ ಮಂಜು ಬಿಟ್ಟು ಏನೂ ಕಾಣದು. ಸೆನೋಟೆಗೆ ಬರುವ ಮುನ್ನ ಸಮುದ್ರದಲ್ಲಿ ಒಂದೆರಡು ಡೈವ್ ಮಾಡಿ, ಒಂದೇ ಆಳದಲ್ಲಿ ಅಲುಗಾಡದೆ ನಿಲ್ಲುವುದನ್ನು ಅಭ್ಯಾಸ ಮಾಡಿಕೊಳ್ಳಿ. ಇಡೀ ದಾರಿಯುದ್ದಕ್ಕೂ ದಪ್ಪ ಹಗ್ಗ ಎಳೆದು ಕಟ್ಟಿರುತ್ತಾರೆ, ಅದರ ಮೇಲಿನ ಬಾಣದ ಗುರುತುಗಳು ಹತ್ತಿರದ ಹೊರದಾರಿಯತ್ತ ತೋರಿಸುತ್ತವೆ. ಕೈಯಿಂದ ಹಿಡಿಯದಿದ್ದರೂ ಕಣ್ಣಿನಿಂದ ಅದನ್ನು ಬಿಡಬಾರದು.

ಕರಾವಳಿಗೆ ಹತ್ತಿರದ ಸೆನೋಟೆಗಳಲ್ಲಿ ಸುಮಾರು 10ರಿಂದ 15 ಮೀಟರ್ ಆಳದಲ್ಲಿ ಹ್ಯಾಲೊಕ್ಲೈನ್ ಎದುರಾಗುತ್ತದೆ. ಮೇಲಿನ ಸಿಹಿನೀರು, ಸಮುದ್ರದಿಂದ ಒಳನುಗ್ಗಿದ ಕೆಳಗಿನ ಉಪ್ಪುನೀರು ಒಂದರ ಮೇಲೊಂದು ಕೂತಿರುವ ಗೆರೆ ಅದು. ಚಾಕ್ ಮೂಲ್ ಸೆನೋಟೆಯಲ್ಲಿ ನಾನು ಅದನ್ನು ಮೊದಲು ಕಂಡಾಗ ಕೆಳಗೆ ಇನ್ನೊಂದು ಕೆರೆಯಿದೆ, ಅದರ ಮೇಲೆ ನಾವು ಹಾರಿಹೋಗುತ್ತಿದ್ದೇವೆ ಅನ್ನಿಸಿತು, ಅಷ್ಟು ನುಣುಪಾಗಿ ಹೊಳೆಯುತ್ತಿತ್ತು. ಮುಂದಿದ್ದ ಮಾರ್ಗದರ್ಶಕನ ಫಿನ್ನು ಆ ಗೆರೆಯನ್ನು ಕಲಕಿದ ಮರುಗಳಿಗೆ ಎಲ್ಲವೂ ಕಾದ ಎಣ್ಣೆಯ ಮೂಲಕ ನೋಡಿದಂತೆ ನಡುಗತೊಡಗಿತು. ಗೇಜಿನ ಅಂಕಿಗಳೂ ಓದಲಾಗಲಿಲ್ಲ, ಎದೆ ಢವಗುಟ್ಟಿತು. ಪಕ್ಕಕ್ಕೆ ಒಂದು ಮೀಟರ್ ಸರಿದು ಸ್ವಲ್ಪ ಮೇಲೇರಿದೊಡನೆ ನೋಟ ಮತ್ತೆ ತಿಳಿಯಾಯಿತು. ಇಷ್ಟನ್ನು ಮೊದಲೇ ತಿಳಿದಿದ್ದರೆ ಯಾರೂ ಗಾಬರಿಯಾಗಬೇಕಿಲ್ಲ: ಮುಂದಿನವರ ನೇರ ಹಿಂದೆ ಈಜಬೇಡಿ, ಓರೆಯಾಗಿ ಪಕ್ಕದಲ್ಲಿ ಈಜಿ. ಕೆಳಗಿನ ಉಪ್ಪುನೀರು ಒಂದೆರಡು ಡಿಗ್ರಿ ಬೆಚ್ಚಗಿರುವುದನ್ನು ಮುಖದ ಚರ್ಮವೇ ಹೇಳುತ್ತದೆ, ಅಲ್ಲಿಗಿಳಿದರೆ ಮೈ ಹಗುರವಾಗಿ ಮೇಲಕ್ಕೆ ದೂಡಿದಂತಾಗುತ್ತದೆ.

ಮೊದಲ ಡೈವಿಗೆ ದೋಸ್ ಓಹೋಸ್ ಒಳ್ಳೆಯ ಆಯ್ಕೆ. ಹೆಸರಿನ ಅರ್ಥ 'ಎರಡು ಕಣ್ಣು', ಅಕ್ಕಪಕ್ಕದ ಎರಡು ಬಾಯಿಗಳ ನಡುವೆ ಹತ್ತು ಮೀಟರ್ ಆಸುಪಾಸಿನ ಆಳದಲ್ಲಿ ಅಲಂಕೃತ ಮಂಟಪದಂತಹ ದಾರಿ. ಆಂಖೆಲಿತಾ ಮತ್ತು ದಿ ಪಿಟ್ ಎಂಬ ಆಳದ ಸೆನೋಟೆಗಳನ್ನು ಅಡ್ವಾನ್ಸ್‌ಡ್ ತರಬೇತಿ ಮತ್ತು ಆಳದ ಅನುಭವ ಇರುವವರು ಮಾತ್ರ ಯೋಚಿಸಬೇಕು. ಆಂಖೆಲಿತಾದಲ್ಲಿ ಸುಮಾರು 30 ಮೀಟರ್ ಆಳದಲ್ಲಿ ಮೋಡವೊಂದು ತೇಲುತ್ತಿರುತ್ತದೆ. ಕೊಳೆತ ಎಲೆಗಳಿಂದ ಹುಟ್ಟಿದ ಹೈಡ್ರೋಜನ್ ಸಲ್ಫೈಡಿನ ಪದರ ಅದು, ಅದರಿಂದ ಒಣಮರಗಳ ಕೊಂಬೆಗಳು ಚಾಚಿಕೊಂಡಿರುತ್ತವೆ. ಮೇಲಿನಿಂದ ನೋಡಿದರೆ ಮಂಜು ಕವಿದ ನದಿಯ ದಂಡೆಯಂತೆ ಕಾಣುತ್ತದೆ. ಮೋಡದ ಕೆಳಗೆ ಪೂರ್ತಿ ಕತ್ತಲೆ, ಆದ್ದರಿಂದ ಅದರ ಅಂಚಿನಲ್ಲಿ ಸುತ್ತಿ ಬರುವುದೇ ಹೆಚ್ಚು ಸುಖಕರವೆಂದು ನನ್ನ ಅಭಿಪ್ರಾಯ.

ಮನಸ್ಸು ಹಿಂದೇಟು ಹಾಕಿದರೆ ಯಾವ ಡೈವರ್ ಯಾವ ಕ್ಷಣದಲ್ಲಿಯೂ, ಕಾರಣ ಹೇಳದೆಯೇ, ಹೆಬ್ಬೆರಳು ಮೇಲೆತ್ತಿ ಡೈವ್ ಮುಗಿಸಬಹುದು. ಗುಹೆಯಲ್ಲಿ ಡೈವ್ ಮಾಡುವವರೆಲ್ಲ ಪಾಲಿಸುವ ನಿಯಮವಿದು. ಹಾಗೆ ಕೈ ಎತ್ತಿದವರನ್ನು ಯಾರಾದರೂ ಲೇವಡಿ ಮಾಡಿದರೆ ಅವರ ಜೊತೆ ಮತ್ತೆ ನೀರಿಗಿಳಿಯಬೇಡಿ.

ಏಳನೆಯ ಹಂತ: ನೀರಿನಿಂದ ಹೊರಬಂದ ಮೇಲೆ

ಕಿವಿಯಲ್ಲಿ ನಿಂತ ನೀರನ್ನು ತಲೆ ಓರೆ ಮಾಡಿ ಹರಿಸಿ, ಒಣಬಟ್ಟೆಯಿಂದ ಒರೆಸಿಕೊಳ್ಳಿ. ದಿನವೂ ಸಿಹಿನೀರಿನಲ್ಲಿ ಮುಳುಗುವವರಿಗೆ ಕಿವಿನೋವು ಸಾಮಾನ್ಯ. ಡೈವ್ ನಂತರ ಕೀಲುನೋವು, ಮರಗಟ್ಟುವಿಕೆ, ತಲೆಸುತ್ತು ಕಂಡರೆ ಮಲಗಿ ಸುಧಾರಿಸಿಕೊಳ್ಳುತ್ತೇನೆ ಎನ್ನದೆ ಮಾರ್ಗದರ್ಶಕರಿಗೆ ತಿಳಿಸಿ. ಪ್ಲಾಯಾ ದೆಲ್ ಕಾರ್ಮೆನ್ ಮತ್ತು ಕೊಸುಮೆಲ್ ದ್ವೀಪದಲ್ಲಿ ಇದಕ್ಕೆ ಚಿಕಿತ್ಸೆ ನೀಡುವ ಒತ್ತಡದ ಕೋಣೆಗಳಿವೆ. ಮೆಕ್ಸಿಕೊದ ತುರ್ತು ಸಂಖ್ಯೆ 911.

ವಿಮಾನ ಹತ್ತುವ ಮುನ್ನ ಒಂದೇ ಡೈವ್ ಮಾಡಿದ್ದರೆ ಕನಿಷ್ಠ 12 ಗಂಟೆ, ಹಲವು ಡೈವ್ ಮಾಡಿದ್ದರೆ ಕನಿಷ್ಠ 18 ಗಂಟೆ ಕಾಯಬೇಕು. ಆದ್ದರಿಂದ ಕೊನೆಯ ಪೂರ್ಣ ದಿನವನ್ನು ನೆಲದ ಮೇಲೆ ಕಳೆಯುವಂತೆ ಮೊದಲೇ ಯೋಜನೆ ಹಾಕಿಕೊಳ್ಳಿ. ಆ ದಿನಕ್ಕೆ ಚಿಚೆನ್ ಇಟ್ಜಾಕ್ಕಿಂತ ಒಳ್ಳೆಯ ಜಾಗವಿಲ್ಲ. ಮಾಯಾ ಭಾಷೆಯಲ್ಲಿ ಆ ಹೆಸರಿನ ಅರ್ಥ 'ಇಟ್ಜಾ ಜನರ ಬಾವಿಯ ಬಾಯಿ'. ದೊಡ್ಡ ಪಿರಮಿಡ್ಡಿನಿಂದ ಉತ್ತರಕ್ಕೆ ಹಳೆಯ ಕಲ್ಲುದಾರಿಯಲ್ಲಿ ಸುಮಾರು 300 ಮೀಟರ್ ನಡೆದರೆ ಪವಿತ್ರ ಸೆನೋಟೆಯ ಅಂಚು ಸಿಗುತ್ತದೆ. ಮಳೆಯ ದೇವರು ಚಾಕ್‌ನಿಗೆಂದು ಜನರು ಇಲ್ಲಿ ಚಿನ್ನ, ಹಸಿರು ಜೇಡ್ ಕಲ್ಲು, ಧೂಪ ಮತ್ತು ಮನುಷ್ಯರನ್ನೂ ಅರ್ಪಿಸಿದ್ದರು. 1904ರಿಂದ ಅಮೆರಿಕದ ಎಡ್ವರ್ಡ್ ಥಾಂಪ್ಸನ್ ಇದರ ಕೆಸರನ್ನು ಬಾಚಿ ತೆಗೆಸಿ, ಸಿಕ್ಕ ವಸ್ತುಗಳಲ್ಲಿ ಬಹಳಷ್ಟನ್ನು ಹಾರ್ವರ್ಡಿನ ಪೀಬಾಡಿ ಮ್ಯೂಸಿಯಮ್ಮಿಗೆ ಸಾಗಿಸಿದರು. ಸುಮಾರು 60 ಮೀಟರ್ ಅಗಲದ ಈ ಬಾವಿಯ ನೀರು ಹಸಿರಾಗಿದೆ, ಗೋಡೆಗಳು ಕಡಿದಾಗಿವೆ, ಇಳಿಯಲು ಮೆಟ್ಟಿಲಿಲ್ಲ, ಈಜಲು ಯಾರಿಗೂ ಅನುಮತಿಯಿಲ್ಲ. ಅಂಚಿನ ಬೇಲಿಯ ಬಳಿ, ಮರದ ನೆರಳಿನಲ್ಲಿ ನಿಂತು ನೋಡಬಹುದು.